ಮಲೆನಾಡಿನ ಕೆಸರು ದಾರಿಗೆ ದೊಡ್ಡ ಫೋರ್ ಬೈ ಫೋರ್ ಇಳಿಸುವ ಮುನ್ನ

ಸಕಲೇಶಪುರ, ಮೂಡಿಗೆರೆ, ಕಳಸದ ಕಡೆಯ ತೋಟದ ರಸ್ತೆಗಳಿಗೆ ದೊಡ್ಡ ಫೋರ್ ಬೈ ಫೋರ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ, ತರುವವರು ಮೊದಲು ಕೇಳುವುದು ಒಂದೇ ಮಾತು: "ಈ ಏರು ಹತ್ತುತ್ತಾ?" ಹತ್ತುತ್ತದೆ. ಫಾರ್ಚುನರ್, ಎಂಡೆವರ್, ಸ್ಕಾರ್ಪಿಯೋ-ಎನ್ ಇಂಥ ಗಾಡಿಗಳ ಎಂಜಿನ್‌ಗೆ ಏರು ದೊಡ್ಡ ವಿಷಯ ಅಲ್ಲ. ಕಷ್ಟ ಇರುವುದು ಇಳಿಯುವಾಗ. ಎರಡು ಟನ್ ತೂಗುವ ಗಾಡಿ, ಒಳಗೆ ಐದು ಜನ, ಡಿಕ್ಕಿ ತುಂಬಾ ಸಾಮಾನು. ಅಷ್ಟೂ ಭಾರ ನೆನೆದ ಕೆಂಪು ಜೇಡಿಮಣ್ಣಿನ ಮೇಲೆ ಮೂತಿ ಕೆಳಗೆ ಮಾಡಿ ನಿಂತಾಗ ಬ್ರೇಕ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹಳೇ ಜೀಪು ಆರಾಮಾಗಿ ಇಳಿದು ಹೋದ ಜಾಗದಲ್ಲೇ ದೊಡ್ಡ ಗಾಡಿ ಜಾರುತ್ತದೆ.

ಅದಕ್ಕೇ ಇಲ್ಲಿ ಏರಿಗಿಂತ ಇಳಿಜಾರಿನ ಬಗ್ಗೆ, ನೆಲ ನೋಡುವುದರ ಬಗ್ಗೆ, ಹೂತುಕೊಂಡಾಗ ಗಾಡಿ ಎತ್ತುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಎಲ್ಲಿ ಓಡಿಸಬಹುದು, ಯಾವಾಗ

ಗುಡ್ಡದ ಮೇಲೆ ಹಸಿರು ಹುಲ್ಲು ಕಾಣಿಸಿತು ಅಂತ ಗಾಡಿ ಏರಿಸಬೇಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಎತ್ತಿನಭುಜ, ದೇವರಮನೆ ಸುತ್ತಲಿನ ಹುಲ್ಲುಗಾವಲಿನಲ್ಲಿ ಮೇಲ್ಮಣ್ಣು ತೆಳು. ಚಕ್ರ ಒಂದು ಸಲ ಗರಗರ ತಿರುಗಿ ಹುಲ್ಲಿನ ಬೇರು ಕಿತ್ತರೆ ಸಾಕು, ಮುಂದಿನ ಮಳೆಯ ನೀರು ಅದೇ ಜಾಡಿನಲ್ಲಿ ಹರಿದು ಕೊರಕಲು ಮಾಡುತ್ತದೆ. ವರ್ಷ ವರ್ಷ ಅದು ಅಗಲ ಆಗುತ್ತಲೇ ಹೋಗುತ್ತದೆ.

ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಭದ್ರಾ ಹುಲಿ ಮೀಸಲು ಪ್ರದೇಶ, ಪುಷ್ಪಗಿರಿ ವನ್ಯಜೀವಿಧಾಮದ ಒಳಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. ಬಿಸಿಲೆ ಘಾಟಿಯಲ್ಲಿ ರಸ್ತೆಯ ಅಂಚಿಗೇ ಕಾಡು ಇದೆ. ಅಲ್ಲಿ ರಸ್ತೆ ಬಿಟ್ಟು ಒಂದು ಚಕ್ರವೂ ಕೆಳಗೆ ಇಳಿಯಬಾರದು. ಮಳೆ ಜೋರಾದಾಗ ಜಿಲ್ಲಾಡಳಿತ ಗಿರಿ ಪ್ರದೇಶಕ್ಕೋ ಘಾಟಿಗೋ ಪ್ರವೇಶ ನಿಲ್ಲಿಸುವುದುಂಟು. ಮನೆಯಿಂದ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಹೆಬ್ಬೆ ಜಲಪಾತ, ಝರಿ ಜಲಪಾತದ ದಾರಿಯಲ್ಲಿ ಊರಿನ ಜೀಪಿನವರೇ ಜನರನ್ನು ಕರೆದುಕೊಂಡು ಹೋಗುತ್ತಾರೆ. ಅದು ಅವರ ಹೊಟ್ಟೆಪಾಡು. ಆ ದಾರಿಯ ಒಂದೊಂದು ಕಲ್ಲೂ ಅವರಿಗೆ ಗೊತ್ತು. ಅಲ್ಲಿ ನಿಮ್ಮ ಗಾಡಿ ನಿಲ್ಲಿಸಿ, ಅವರ ಜೀಪಿನಲ್ಲಿ ಮುಂದೆ ಕೂತು ಹೋಗಿ. ವ್ಯೂ ಆಮೇಲೆ ನೋಡಿದರಾಯಿತು, ಡ್ರೈವರ್ ಕಾಲು ನೋಡಿ. ಇಳಿಯುವಾಗ ಆ ಕಾಲು ಬ್ರೇಕಿನ ಮೇಲೆ ಎಷ್ಟು ಕಡಿಮೆ ಹೊತ್ತು ಇರುತ್ತದೆ ಅಂತ ಗಮನಿಸಿ. ದುಡ್ಡು ಕೊಟ್ಟು ಹೋಗುವ ಕ್ಲಾಸಿನಲ್ಲಿ ಕಲಿಯುವುದಕ್ಕಿಂತ ಜಾಸ್ತಿ ಅಲ್ಲಿ ಕಲಿಯಬಹುದು.

ಉಳಿಯುವುದು ಖಾಸಗಿ ತೋಟಗಳ ರಸ್ತೆ. ಮಾಲೀಕರನ್ನು ಕೇಳಿ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನು ಮಾತಾಡಿಸಿ, ಯಾವ ರಸ್ತೆ ಎಲ್ಲಿ ಕುಸಿದಿದೆ ಅಂತ ತಿಳಿದುಕೊಂಡೇ ಹೋಗಿ. ಹೋಂಸ್ಟೇಯಲ್ಲಿ ಉಳಿದರೆ ಅವರೇ ಈ ಏರ್ಪಾಡು ಮಾಡಿಕೊಡುತ್ತಾರೆ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಬೆಳಗ್ಗೆ ಮತ್ತು ಸಂಜೆ ರಸ್ತೆ ತುಂಬಾ ಆಳುಗಳು, ಚೀಲ ಹೊತ್ತ ಟ್ರ್ಯಾಕ್ಟರ್, ಪಿಕಪ್. ಆ ಹೊತ್ತಿನಲ್ಲಿ ಅವರ ದಾರಿಗೆ ಅಡ್ಡ ಹೋಗಬಾರದು.

ಮೊದಲ ಸಲ ಬರುವವರಿಗೆ ಕೊಯ್ಲು ಮುಗಿದ ಮೇಲಿನ ಒಣ ನೆಲವೇ ಸರಿ. ಆರಿದ್ರಾ, ಪುನರ್ವಸು, ಪುಷ್ಯ ಮಳೆಯಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ಮಲೆನಾಡಿನ ಮಣ್ಣು ನೀರು ಕುಡಿದು ಕುಡಿದು ಬಿಗಿ ಬಿಟ್ಟಿರುತ್ತದೆ. ಇನ್ನೊಂದು ಮೋಸದ ಕಾಲ ಮಾರ್ಚ್-ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ. ಅಡಿಯಲ್ಲಿ ನೆಲ ಗಟ್ಟಿ, ಮೇಲೆ ಧೂಳು ಮತ್ತು ತರಗೆಲೆ ನೆನೆದು ತೆಳ್ಳನೆ ಪದರ. ಕಣ್ಣಿಗೆ ಗಟ್ಟಿ ರಸ್ತೆ ಅನ್ನಿಸುತ್ತದೆ, ಚಕ್ರ ಇಟ್ಟ ಕೂಡಲೇ ಜಾರುತ್ತದೆ.

ಗಾಡಿಯ ಅಳತೆ ಬಾಯಿಪಾಠ ಇರಲಿ

ತೋಟದ ರಸ್ತೆಗಳನ್ನು ಕಡಿದದ್ದು ಜೀಪಿಗೆ, ಟ್ರ್ಯಾಕ್ಟರಿಗೆ. ಮಾರುತಿ ಜಿಪ್ಸಿ 1540 ಮಿಲಿಮೀಟರ್ ಅಗಲ. ಫಾರ್ಚುನರ್ 1855. ಸ್ಕಾರ್ಪಿಯೋ-ಎನ್ 1917. ಅಂದರೆ ಜಿಪ್ಸಿ ಹೋದ ಜಾಗದಲ್ಲಿ ನಿಮಗೆ ಒಂದಡಿಗಿಂತ ಜಾಸ್ತಿ ಹೆಚ್ಚಿಗೆ ಅಗಲ ಬೇಕು. ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಎರಡು ಮೂರು ಸಲ ಹಿಂದೆ ಮುಂದೆ ಮಾಡಬೇಕು, ಅದೂ ಒಂದು ಕಡೆ ಇಳಿಜಾರು ಇಟ್ಟುಕೊಂಡು.

ಇನ್ನೊಂದು ಅಳತೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರ. ಮೂರು ಬಾಗಿಲಿನ ಥಾರ್‌ಗೆ 2450 ಮಿಲಿಮೀಟರ್, ಫಾರ್ಚುನರ್‌ಗೆ 2745. ಈ ದೂರ ಹೆಚ್ಚಿದಷ್ಟೂ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗಲುತ್ತದೆ. ಮುಂದೆ ಬಂಪರ್, ಹಿಂದೆ ಫುಟ್‌ಸ್ಟೆಪ್ಪು, ಸೈಲೆನ್ಸರ್, ಕೆಳಗೆ ಡೀಸೆಲ್ ಟ್ಯಾಂಕ್. ಮನೆ ಅಂಗಳದಲ್ಲೇ ಒಮ್ಮೆ ಮಲಗಿ ಕೆಳಗೆ ನೋಡಿ. ಅತ್ಯಂತ ಕೆಳಗೆ ಇರುವುದು ಯಾವುದು? ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಅದು ಎಡ-ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗುಂಡು. ಅದು ನಡುವೆ ಇದೆಯೋ, ಒಂದು ಪಕ್ಕಕ್ಕೆ ಇದೆಯೋ ಗೊತ್ತಿದ್ದರೆ ಕಲ್ಲನ್ನು ಯಾವ ಕಡೆಗೆ ಬಿಡಬೇಕು ಅಂತ ಗೊತ್ತಾಗುತ್ತದೆ. ಎಂಜಿನ್ ಚೇಂಬರ್ ಕೆಳಗೆ ತಗಡಿನ ಗಾರ್ಡ್ ಇದೆಯಾ, ಪ್ಲಾಸ್ಟಿಕ್ ಇದೆಯಾ ಅದನ್ನೂ ನೋಡಿ.

ಟೈರ್ ವಿಷಯಕ್ಕೆ ಬಂದರೆ, ಶೋರೂಮಿನಿಂದ ಬರುವ ಹೈವೇ ಟೈರು ಒಣ ಕಲ್ಲಿಗೆ ಸಾಕು. ಜೇಡಿಮಣ್ಣಿನಲ್ಲಿ ಅದರ ಗೀರುಗಳು ಹತ್ತು ಮಾರು ಹೋಗುವಷ್ಟರಲ್ಲಿ ತುಂಬಿ, ಸೆಗಣಿ ಸಾರಿಸಿದ ಅಂಗಳದ ಹಾಗೆ ನುಣ್ಣಗಾಗುತ್ತವೆ. ಆಲ್ ಟೆರೇನ್ ಟೈರು ಇದ್ದರೆ ಮಳೆ ಬಿಟ್ಟ ದಿನಗಳಲ್ಲಿ ನಡೆಯುತ್ತದೆ. ನಿಜವಾದ ಕೆಸರಿಗೆ ಮಡ್ ಟೆರೇನ್ ಬೇಕು. ಮಳೆಗಾಲದಲ್ಲಿ ಇಲ್ಲಿನ ಜೀಪಿನವರು ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟುವುದನ್ನು ನೋಡಿರಬಹುದು. ಅದು ಕೆಲಸ ಮಾಡುತ್ತದೆ, ಸಂಶಯ ಇಲ್ಲ. ಆದರೆ ದೊಡ್ಡ ಗಾಡಿಯಲ್ಲಿ ಟೈರಿಗೂ ಸಸ್ಪೆನ್ಷನ್ನಿಗೂ ನಡುವೆ ಜಾಗ ಕಮ್ಮಿ. ಚೈನ್ ಬಡಿದು ಬ್ರೇಕ್ ಪೈಪ್ ಹರಿಯಬಹುದು. ಅಳತೆ ನೋಡದೆ ಕಟ್ಟಬೇಡಿ.

ಏನೇನು ಇರಬೇಕು

ಒಂದೇ ಗಾಡಿಯಲ್ಲಿ ಹೋಗಬೇಡಿ. ಈ ಒಂದು ಮಾತಿಗೆ ವಿನಾಯಿತಿ ಇಲ್ಲ. ಎರಡು ಟನ್ ಗಾಡಿ ಹೂತರೆ ನಾಲ್ಕು ಜನ ತಳ್ಳಿದರೆ ಬರುವುದಿಲ್ಲ, ಇನ್ನೊಂದು ಅಷ್ಟೇ ಭಾರದ ಗಾಡಿಯೇ ಬೇಕು.

ಸಲಿಕೆ, ಪಿಕಾಸಿ, ಕತ್ತಿ. ದಪ್ಪನೆಯ ಮರದ ಹಲಗೆ ಒಂದು, ಜಾಕ್ ಕೆಳಗೆ ಇಡಲು. ಗಾಳಿ ತುಂಬುವ ಕಂಪ್ರೆಸರ್, ಪ್ರೆಶರ್ ಗೇಜ್. ಹಿಗ್ಗುವ ನೈಲಾನ್ ರಿಕವರಿ ಹಗ್ಗ, 4.75 ಟನ್ ಅಂತ ಅಚ್ಚೊತ್ತಿರುವ ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ). ಕೈಗವಸು. ಪೂರ್ತಿ ಅಳತೆಯ ಸ್ಟೆಪ್ನಿ. ಟಾರ್ಚು, ನೀರು, ಪ್ರಥಮ ಚಿಕಿತ್ಸೆ ಡಬ್ಬಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಹೊರಡುವ ಮುಂಚೆ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೋಂಸ್ಟೇಯವರಿಗೋ ರೈಟರಿಗೋ ಹೇಳಿ ಹೋಗಿ. ಡಿಕ್ಕಿಯಲ್ಲಿ ಇರುವುದನ್ನೆಲ್ಲ ಬಿಗಿಯಾಗಿ ಕಟ್ಟಿ. ಗಾಡಿ ಮೂತಿ ಕೆಳಗೆ ಮಾಡಿದಾಗ ಸಡಿಲ ಇರುವ ಜಾಕ್ ಹಿಂದಿನ ಸೀಟಿನವರ ತಲೆಗೆ ಬರುತ್ತದೆ.

ಟಾರ್ ಬಿಟ್ಟ ಕೂಡಲೇ

ಟಾರ್ ರಸ್ತೆ ಮುಗಿಯುವ ಜಾಗದಲ್ಲಿ ನಿಲ್ಲಿಸಿ ಗಾಳಿ ಇಳಿಸಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಿರುವ ಒತ್ತಡ ಟಾರ್ ರಸ್ತೆಗೆ, ಅದು ಸಾಮಾನ್ಯವಾಗಿ 30 ಪಿಎಸ್‌ಐ ಆಸುಪಾಸು. ಕಲ್ಲು, ಕೊರಕಲಿನ ದಾರಿಗೆ 24-25ಕ್ಕೆ ಇಳಿಸಿ. ಕೆಸರು ಜಾಸ್ತಿ ಇದ್ದರೆ 20. ಭಾರದ ಗಾಡಿಯಲ್ಲಿ 18ಕ್ಕಿಂತ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಎದ್ದೀತು. ಗಾಳಿ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಹಿಡಿತ ಹೆಚ್ಚುತ್ತದೆ. ಹಾಗೇ ಟೈರಿನ ಪಕ್ಕೆ ಉಬ್ಬಿ ನಿಲ್ಲುತ್ತದೆ. ಚೂಪು ಕಲ್ಲಿಗೆ, ಕಡಿದ ಕಾಫಿ ಬೊಡ್ಡೆಗೆ ಆ ಪಕ್ಕೆ ಸಿಗದಂತೆ ನೋಡಿಕೊಳ್ಳಿ.

ಈಗ ಗೇರ್. ನಾಲ್ಕೂ ಚಕ್ರ ಮಾಮೂಲಿ ವೇಗದಲ್ಲಿ ಎಳೆಯುವ ಫೋರ್ ಹೈ ಇರುವುದು ಸಡಿಲ ಜಲ್ಲಿ, ಮಟ್ಟಸ ಕೆಸರಿಗೆ. ಕಡಿದಾದ ಏರಿಳಿತ, ಕಲ್ಲು, ಹಳ್ಳ ಬಂದರೆ ಫೋರ್ ಲೋ. ಲೋ ಹಾಕಿದಾಗ ಗಾಡಿ ಅದೇ ಗೇರಿನಲ್ಲಿ ಸುಮಾರು ಎರಡೂವರೆ ಪಟ್ಟು ನಿಧಾನ ಆಗುತ್ತದೆ, ಚಕ್ರಕ್ಕೆ ಸಿಗುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಹಾಕುವಾಗ ಗಾಡಿ ಪೂರ್ತಿ ನಿಂತಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಡ್ಯಾಶ್‌ಬೋರ್ಡಿನ ದೀಪ ಮಿನುಗುವುದು ನಿಂತು ಗಟ್ಟಿಯಾಗಿ ಹತ್ತುವವರೆಗೂ ಕಾಯಿರಿ. ಏರಿನ ಅರ್ಧದಲ್ಲಿ ನಿಂತು ಲೋ ಹಾಕಲು ಒದ್ದಾಡುವುದಕ್ಕಿಂತ, ಕೆಳಗೇ ಹಾಕಿಕೊಳ್ಳುವುದು ಒಳ್ಳೆಯದು ಅಲ್ವಾ? ಇನ್ನೊಂದು ವಿಷಯ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ಟಾರಿನಲ್ಲಿ ಫೋರ್ ಹೈ ಹಾಕಿ ತಿರುವು ತೆಗೆದರೆ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಾಗದೆ ಗೇರಿನ ಹಲ್ಲುಗಳ ಮೇಲೆ ಒತ್ತಡ ಬಿದ್ದು ಗಾಡಿ ಬಿಗಿ ಹಿಡಿಯುತ್ತದೆ.

ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಚಕ್ರದ ಒಳಗೆ ಸಿಕ್ಕಿಸಬೇಡಿ. ಕಲ್ಲಿಗೆ ಗಾಲಿ ಬಡಿದು ಸ್ಟೀರಿಂಗ್ ಒದೆದರೆ ಬೆರಳು ಉಳುಕುತ್ತದೆ. ಎಲ್ಲರೂ ಬೆಲ್ಟ್ ಹಾಕಲಿ. ಗಾಡಿ ಗಂಟೆಗೆ ಐದು ಕಿಲೋಮೀಟರ್ ಹೋಗುತ್ತಿದ್ದರೂ ಮಗುಚಿದರೆ ಬೆಲ್ಟೇ ಕಾಯುವುದು.

ಇಳಿದು ನಡೆಯಿರಿ

ಕಷ್ಟದ ಜಾಗ ಕಂಡ ಕೂಡಲೇ ಗಾಡಿ ನಿಲ್ಲಿಸಿ ಇಳಿಯಿರಿ. ಕೊನೆಯವರೆಗೂ ನಡೆದು ನೋಡಿ ವಾಪಸ್ ಬನ್ನಿ. ಇಂಬಳ ಹತ್ತುತ್ತದೆ ಅಂತ ಗಾಡಿಯಲ್ಲೇ ಕೂತವರಿಂದ ಈ ಕೆಲಸ ಆಗದು.

ನಡೆಯುವಾಗ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. ಹಿಮ್ಮಡಿ ಅರ್ಧ ಇಂಚು ಇಳಿದು ನಿಂತರೆ ಅಡಿಯಲ್ಲಿ ನೆಲ ಗಟ್ಟಿ ಇದೆ. ಪಾದ ಮುಳುಗಿ, ಕಾಲೆತ್ತಿದ ಕೂಡಲೇ ಆ ಗುರುತಿನಲ್ಲಿ ನೀರು ತುಂಬಿಕೊಂಡರೆ ಭಾರದ ಗಾಡಿ ಅಲ್ಲಿ ಹೂಳುತ್ತದೆ. ಚಪ್ಪಲಿ ಜಾರುವ ಇಳಿಜಾರಿನಲ್ಲಿ ಟೈರೂ ಜಾರುತ್ತದೆ. ಒಂದು ಉಂಡೆ ಮಣ್ಣು ತೆಗೆದು ಬೆರಳಲ್ಲಿ ಹೊಸೆಯಿರಿ. ಮರಳು ಮರಳಾಗಿ ಉದುರಿದರೆ ಹಿಡಿತ ಸಿಗುತ್ತದೆ, ನುಣ್ಣಗೆ ಬತ್ತಿಯಾಗಿ ಬಂದರೆ ಅದು ಜೇಡಿ.

ರಸ್ತೆಯ ಎರಡು ಅಂಚನ್ನೂ ನೋಡಿ. ದಿಬ್ಬದ ಕಡೆ ಚರಂಡಿ ಇರುತ್ತದೆ, ಸಿಲ್ವರ್ ಓಕ್ ಎಲೆ ಬಿದ್ದು ಮುಚ್ಚಿಹೋಗಿರುತ್ತದೆ. ಕೋಲಿನಲ್ಲಿ ಚುಚ್ಚಿ ನೋಡದೆ ಗೊತ್ತಾಗುವುದಿಲ್ಲ. ಕಣಿವೆ ಕಡೆಯ ಅಂಚು ಸುರಿದ ಮಣ್ಣು. ಟ್ರ್ಯಾಕ್ಟರ್ ಹೋಗಿದೆ ಅಂತ ಅದನ್ನು ನಂಬಬಾರದು. ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೋಡಿರುತ್ತಾರೆ, ಮಳೆ ನೀರು ಇಂಗಲಿ ಅಂತ. ಪಕ್ಕಕ್ಕೆ ಸರಿಯೋಣ ಅಂತ ಸಾಲಿನೊಳಗೆ ಚಕ್ರ ಇಟ್ಟರೆ ಸೀದಾ ಅದರೊಳಗೆ. ರಸ್ತೆಗೆ ಅಡ್ಡ ಹಾಯ್ದ ಸ್ಪ್ರಿಂಕ್ಲರ್ ಪೈಪು ಒಡೆಯದಂತೆ ಎರಡೂ ಪಕ್ಕ ಮಣ್ಣು ಒಟ್ಟಿ ದಾಟಿ. ಮರದ ಸಂಕ, ಹಳೇ ಕಲ್ಲಿನ ಮೋರಿ ಕಂಡರೆ ಮೊದಲು ಕೆಳಗಿಳಿದು ಅಡಿಯಿಂದ ನೋಡಿ. ನಡೆಯುವ ಜನರಿಗೆ ಅಂತ ಹಾಕಿದ ಸಂಕ ಎರಡೂವರೆ ಟನ್ ತಡೆಯುವುದಿಲ್ಲ.

ಒಬ್ಬರು ಮುಂದೆ ನಿಂತು ದಾರಿ ತೋರಿಸಲಿ. ಒಬ್ಬರೇ. ನಾಲ್ಕು ಜನ ನಾಲ್ಕು ಕಡೆಯಿಂದ ಕೂಗಿದರೆ ಡ್ರೈವರ್ ಯಾರ ಮಾತು ಕೇಳಬೇಕು? ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ, ಮುಷ್ಟಿ ಎತ್ತಿದರೆ ನಿಲ್ಲಿಸು ಅಂತ. ಬಾಯಲ್ಲಿ ಹೇಳುವುದಾದರೆ "ಎಡಕ್ಕೆ", "ಬಲಕ್ಕೆ" ಅಂತಲೇ ಹೇಳಿ. ಬಸ್ ಕಂಡಕ್ಟರ್ "ರೈಟ್ ರೈಟ್" ಅಂದರೆ ಹೊರಡು ಅಂತ ನಮ್ಮ ಕಿವಿಗೆ ರೂಢಿ. ಅಂಚಿನಲ್ಲಿ ನಿಂತಾಗ ಆ ಗೊಂದಲ ಬೇಡ. ದಾರಿ ತೋರಿಸುವವರು ಗಾಡಿಯ ಕೆಳಗಡೆಯ ಇಳಿಜಾರಿನಲ್ಲಿ, ಅದು ಜಾರಿ ಬರುವ ನೇರದಲ್ಲಿ ಯಾವತ್ತೂ ನಿಲ್ಲಬಾರದು.

ಏರು

ಫೋರ್ ಲೋ, ಎರಡನೇ ಗೇರ್. ತೀರಾ ಕಡಿದಾಗಿದ್ದರೆ ಒಂದನೇದು. ಸಣ್ಣ ಓಟ ತೆಗೆದುಕೊಂಡು, ಆಕ್ಸಿಲೇಟರ್ ಒಂದೇ ಸಮ ಇಟ್ಟು ಹೋಗಿ. ನಡುವೆ ಗೇರ್ ಬದಲಿಸಬೇಡಿ. ಚಕ್ರ ಸುಮ್ನೆ ತಿರುಗಲು ಶುರುವಾದರೆ ಕಾಲು ಸ್ವಲ್ಪ ಹಿಂದೆ ತೆಗೆದು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಚಿಕ್ಕದಾಗಿ ಆಡಿಸಿ. ಟೈರಿನ ಪಕ್ಕದ ಹಲ್ಲು ಹೊಸ ಮಣ್ಣು ಕಚ್ಚುತ್ತದೆ. ಎರಡೂ ಹಿಂಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫ್ ಲಾಕ್ ಇದ್ದರೆ ಏರು ಶುರುವಾಗುವ ಮುಂಚೆಯೇ ಹಾಕಿ, ತಿರುವು ಬರುವ ಮುಂಚೆ ತೆಗೆಯಿರಿ.

ಏರಿನ ಅರ್ಧಕ್ಕೆ ನಿಂತುಹೋದರೆ? ಗಾಡಿಯನ್ನು ಅಡ್ಡ ತಿರುಗಿಸಲು ಹೋಗಬೇಡಿ. ಎತ್ತರದ ಗಾಡಿಗಳು ಇಲ್ಲೇ ಮಗುಚುವುದು. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಂಜಿನ್ ಆಫ್ ಆಗಿದ್ದರೆ ಸ್ಟಾರ್ಟ್ ಮಾಡಿ, ರಿವರ್ಸ್ ಹಾಕಿ. ಮ್ಯಾನುಯಲ್ ಆದರೆ ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ಬ್ರೇಕ್ ನಿಧಾನ ಬಿಡಿ. ಫೋರ್ ಲೋನ ರಿವರ್ಸ್ ಗೇರ್ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಸ್ಟೀರಿಂಗ್ ನೇರ, ಬಂದ ಜಾಡಿನಲ್ಲೇ ಹಿಂದಕ್ಕೆ. ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್ ಮಾಡಿ ಹಿಂದಕ್ಕೆ ಬಿಟ್ಟರೆ ಮುಗಿಯಿತು, ಮತ್ತೆ ಹಿಡಿಯಲು ಆಗುವುದಿಲ್ಲ.

ಇಳಿಜಾರು

ನೆತ್ತಿಯಲ್ಲಿ ನಿಲ್ಲಿಸಿ. ಬಾನೆಟ್ ಬಿಟ್ಟು ಬೇರೇನೂ ಕಾಣದಿದ್ದರೆ ಇಳಿದು ನೋಡಿ ಬನ್ನಿ. ಫೋರ್ ಲೋ, ಒಂದನೇ ಗೇರ್. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿಗೆ ತಂದು ಒಂದಕ್ಕೆ ಕಟ್ಟಿಹಾಕಿ. ಡ್ರೈವ್‌ನಲ್ಲಿ ಬಿಟ್ಟರೆ ಅದು ತಾನೇ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಕ್ಲಚ್ ಮೇಲಿಂದ ಕಾಲು ತೆಗೆದು ನೆಲಕ್ಕೆ ಇಡಿ. ಎಂಜಿನ್ನೇ ಗಾಡಿಯನ್ನು ಹಿಡಿಯಲಿ.

ಜೇಡಿಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆ ನೋಡಿ. ಚಕ್ರ ತಿರುಗುವುದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ತಿರುಗದ ಚಕ್ರಕ್ಕೆ ದಿಕ್ಕು ಇರುವುದಿಲ್ಲ. ಆಗ ಸ್ಟೀರಿಂಗ್ ಎಲ್ಲಿಗೆ ತಿರುಗಿಸಿದರೂ ಗಾಡಿ ಭಾರ ಎಳೆದ ಕಡೆಗೇ ಹೋಗುತ್ತದೆ. ಎಬಿಎಸ್ ಇದ್ದರೆ ಚಕ್ರ ಪೂರ್ತಿ ನಿಲ್ಲದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಅಷ್ಟರಲ್ಲಿ ಗಾಡಿ ಇನ್ನಷ್ಟು ದೂರ ಹೋಗಿರುತ್ತದೆ. ಇಳಿಯುವಾಗ ತಾನೇ ವೇಗ ತಡೆಯುವ ಹಿಲ್ ಡಿಸೆಂಟ್ ಬಟನ್ ಒಣ ಕಲ್ಲಿನ ಇಳಿಜಾರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದೂ ಬ್ರೇಕ್ ಹಿಡಿದೇ ಕೆಲಸ ಮಾಡುವುದು. ನೆನೆದ ಜೇಡಿಯಲ್ಲಿ ಅದೊಂದನ್ನೇ ನಂಬಿ ಇಳಿಯಬಾರದು. ಗೇರ್ ಮೊದಲು, ಬಟನ್ ಆಮೇಲೆ.

ಹಿಂಭಾಗ ಪಕ್ಕಕ್ಕೆ ಜಾರಲು ಶುರುವಾದರೆ ಮನಸ್ಸು ಬ್ರೇಕ್ ಒತ್ತು ಅನ್ನುತ್ತದೆ. ಒತ್ತಬೇಡಿ. ಸ್ಟೀರಿಂಗನ್ನು ಇಳಿಜಾರು ಹೋಗುವ ನೇರಕ್ಕೆ ತಿರುಗಿಸಿ, ಆಕ್ಸಿಲೇಟರ್ ಒಂದು ಚಿಟಿಕೆ ಕೊಡಿ. ಚಕ್ರ ಮತ್ತೆ ಉರುಳಲು ಶುರು ಮಾಡಿದ ಕೂಡಲೇ ದಿಕ್ಕು ಸಿಗುತ್ತದೆ. ಆಗ ಕಾಲು ತೆಗೆದುಬಿಡಿ. ಒಣ ನೆಲದ ಸಣ್ಣ ಇಳಿಜಾರಿನಲ್ಲಿ ಇದನ್ನು ಅಭ್ಯಾಸ ಮಾಡಿಕೊಂಡೇ ಮಳೆಗಾಲಕ್ಕೆ ಬನ್ನಿ. ಓದಿ ಬರುವ ವಿದ್ಯೆ ಅಲ್ಲ ಇದು.

ಒಂದು ಕಡೆ ದಿಬ್ಬ, ಒಂದು ಕಡೆ ಕಣಿವೆ ಇರುವ ಇಳಿಜಾರಿನಲ್ಲಿ ದಿಬ್ಬದ ಕಡೆಗೆ ಒತ್ತಿಕೊಂಡೇ ಇಳಿಯಿರಿ. ಚರಂಡಿಗೆ ಬಿದ್ದರೆ ಬೀಳಲಿ. ಬಂಪರ್ ಹೋಗಬಹುದು, ಅರ್ಧ ದಿನದ ಕೆಲಸ. ಜಾರಿ ನಿಲ್ಲಿಸಲು ಆಗದಿದ್ದರೆ ಬೇಕೆಂದೇ ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿ ದಿಬ್ಬಕ್ಕೆ ಒರಗಿಸಿ. ಊರಿನ ಡ್ರೈವರುಗಳೂ ಮಾಡುವುದು ಇದನ್ನೇ. ಡ್ರೈವರ್ ಬಿಟ್ಟು ಉಳಿದವರೆಲ್ಲ ಇಂಥ ಕಡೆ ಇಳಿದು ನಡೆಯಲಿ. ಮಕ್ಕಳು, ವಯಸ್ಸಾದವರು ಇದ್ದರಂತೂ ಮಾತೇ ಇಲ್ಲ.

ನಡೆದು ನೋಡಿದ ಮೇಲೂ ಮನಸ್ಸು ಹಿಂಜರಿದರೆ ಗಾಡಿ ಅಲ್ಲೇ ಬಿಟ್ಟು ಮಳೆ ನಿಲ್ಲುವವರೆಗೆ ಕಾಯಿರಿ. ಒಂದು ಬಿಸಿಲು ಬಿದ್ದರೆ ಮೇಲಿನ ಪದರ ಒಣಗಿ ಅದೇ ಇಳಿಜಾರು ಬೇರೆಯದೇ ಆಗಿರುತ್ತದೆ.

ಕೊರಕಲು, ಗುಂಡಿ, ದಿಬ್ಬ

ರಸ್ತೆ ನಡುವೆ ಮಳೆ ನೀರು ಕೊರೆದ ಉದ್ದ ಕೊರಕಲು ಇದ್ದರೆ ಚಕ್ರಗಳನ್ನು ಅದರ ಎರಡು ದಂಡೆಗಳ ಮೇಲೆ ಇಟ್ಟು ಹೋಗಿ. ಗಾಲಿ ಒಳಗೆ ಬಿದ್ದರೆ ಡಿಫರೆನ್ಷಿಯಲ್ ನೆಲಕ್ಕೆ ಕೂರುತ್ತದೆ. ಅಡ್ಡ ಚರಂಡಿ ಬಂದರೆ ನೇರ ಹೋಗದೆ ಓರೆಯಾಗಿ ದಾಟಿ, ಒಂದೊಂದೇ ಚಕ್ರ ಇಳಿದು ಏರಲಿ. ನೇರ ಹೋದರೆ ಎರಡೂ ಮುಂಚಕ್ರ ಒಟ್ಟಿಗೆ ಇಳಿದು ಬಂಪರ್ ಎದುರು ದಂಡೆಗೆ ಚುಚ್ಚಿಕೊಳ್ಳುತ್ತದೆ. ಅಡ್ಡ ದಿಬ್ಬಕ್ಕೆ ಇದು ಉಲ್ಟಾ. ಅದನ್ನು ನೇರವಾಗಿಯೇ ಹತ್ತಬೇಕು. ಓರೆ ಹೋದರೆ ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿ ತೂಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಹಾಗೆ ನಿಂತಾಗ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಆಕ್ಸಿಲೇಟರ್ ಬಿಡದೆ ಒಂದೇ ಸಮ ಕೊಡಿ. ಸುಮ್ನೆ ತಿರುಗುವ ಚಕ್ರಕ್ಕೆ ಅದು ಬ್ರೇಕ್ ಹಾಕಿ ನೆಲದಲ್ಲಿರುವ ಚಕ್ರಕ್ಕೆ ಬಲ ಕೊಡುತ್ತದೆ. ಬಹಳ ಜನ ಟಕಟಕ ಸದ್ದು ಕೇಳಿ ಹೆದರಿ ಕಾಲು ತೆಗೆಯುತ್ತಾರೆ. ಆ ಸದ್ದು ಬಂದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಅಂತ.

ಹಳ್ಳ ದಾಟುವುದು

ಫಾರ್ಚುನರ್ 700 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ, ಎಂಡೆವರ್ 800 ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿಗೆ. ಹರಿಯುವ ಹಳ್ಳದಲ್ಲಿ ಮೊಣಕಾಲು ಮಟ್ಟದ ನೀರೇ ನಿಮ್ಮನ್ನು ನಿಂತಲ್ಲಿ ನಿಲ್ಲಲು ಬಿಡದಿದ್ದರೆ ಗಾಡಿಯನ್ನೂ ಇಳಿಸಬೇಡಿ. ಮೊದಲು ಕೋಲು ಹಿಡಿದು ನಡೆದು ದಾಟಿ. ತಳದಲ್ಲಿ ಮರಳೋ, ಉರುಟು ಕಲ್ಲೋ, ಗುಂಡಿಯೋ ಕಾಲಿಗೆ ಗೊತ್ತಾಗುತ್ತದೆ.

ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿಯಾಗಿದ್ದ ನೀರು ಕೆಂಪಗಾದರೆ, ತರಗೆಲೆ, ಕಡ್ಡಿ ತೇಲಿ ಬರಲು ಶುರುವಾದರೆ ಹಳ್ಳ ಏರುತ್ತಿದೆ. ಆ ಕ್ಷಣವೇ ದಂಡೆಗೆ ಬನ್ನಿ. ದಾಟಿ ಹೋದ ಹಳ್ಳವನ್ನೇ ಸಂಜೆ ವಾಪಸ್ ದಾಟಬೇಕು ಅನ್ನುವುದೂ ನೆನಪಿರಲಿ.

ದಾಟುವಾಗ ಫೋರ್ ಲೋ, ಒಂದು ಅಥವಾ ಎರಡನೇ ಗೇರ್, ನಡೆಯುವ ವೇಗ. ಬಂಪರ್ ಮುಂದೆ ಸಣ್ಣ ಅಲೆ ಎದ್ದು ಅದರ ಹಿಂದೆಯೇ ಗಾಡಿ ಸಾಗಬೇಕು. ನಡುವೆ ನಿಲ್ಲಬೇಡಿ, ಕ್ಲಚ್ ಒತ್ತಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆಯಾಗಿ ಮಾಡಿಸದಿದ್ದರೆ ಸಾಮಾನ್ಯ ಇನ್ಶೂರೆನ್ಸಿನಲ್ಲಿ ಈ ಖರ್ಚು ಬರುವುದಿಲ್ಲ. ದಂಡೆಗೆ ಬಂದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ಹೋಗಿ, ಪ್ಯಾಡು ಒಣಗಲಿ.

ಹೂತುಕೊಂಡರೆ

ಮೊದಲ ಕೆಲಸ ಆಕ್ಸಿಲೇಟರಿನಿಂದ ಕಾಲು ತೆಗೆಯುವುದು. ಚಕ್ರ ತಿರುಗಿಸಿದಷ್ಟೂ ಗುಂಡಿ ಆಳ ಆಗುತ್ತದೆ. ಐದು ನಿಮಿಷದಲ್ಲಿ ಬರಬಹುದಾಗಿದ್ದ ಗಾಡಿ ಹೊಟ್ಟೆ ಊರಿ ಕೂರುತ್ತದೆ.

ಎಲ್ಲರನ್ನೂ ಇಳಿಸಿ. ಸಲಿಕೆ ತೆಗೆದುಕೊಂಡು ನಾಲ್ಕೂ ಚಕ್ರದ ಮುಂದೆ ಇಳಿಜಾರಾಗಿ ಮಣ್ಣು ತೆಗೆಯಿರಿ. ಆಕ್ಸಲ್ ಮತ್ತು ಹೊಟ್ಟೆಯ ಕೆಳಗಿನ ಮಣ್ಣನ್ನೂ ಬಿಡಿಸಿ. ಕೆಸರು ಗಾಡಿಯನ್ನು ಕಚ್ಚಿ ಹಿಡಿದಿರುತ್ತದೆ, ಆ ಹಿಡಿತ ಬಿಡಿಸದೆ ಎಳೆದರೆ ಹಗ್ಗಕ್ಕೆ ಗಾಡಿಯ ತೂಕಕ್ಕಿಂತ ಜಾಸ್ತಿ ಭಾರ ಬೀಳುತ್ತದೆ. ಜಾಕ್ ಕೆಳಗೆ ಹಲಗೆ ಇಟ್ಟು ಚಕ್ರ ಎತ್ತಿ, ಅಡಿಗೆ ಕಲ್ಲು, ಒಣ ಕೊಂಬೆ ತುಂಬಿ. ಗಾಳಿ ಇನ್ನೂ ಎರಡು ಪಿಎಸ್‌ಐ ಇಳಿಸಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಗಾಡಿ ಎದ್ದು ಬರುತ್ತದೆ.

ಎಳೆಯಲೇಬೇಕಾದರೆ, ಹಗ್ಗ ಕಟ್ಟುವುದು ಚಾಸಿಗೆ ಸೇರಿದ ರಿಕವರಿ ಕೊಂಡಿಗೆ ಮಾತ್ರ. ಟ್ರೈಲರ್ ಎಳೆಯುವ ಉರುಟು ಕಬ್ಬಿಣದ ಗುಂಡಿಗೆ (ಟೋ ಬಾಲ್) ಯಾವ ಕಾರಣಕ್ಕೂ ಕಟ್ಟಬೇಡಿ. ಅದು ಮುರಿದು ಹಾರಿದರೆ ಗಾಜು ಸೀಳಿಕೊಂಡು ಒಳಗೆ ಬರುತ್ತದೆ. ಇದರಿಂದ ಜನ ಸತ್ತಿದ್ದಾರೆ. ಹಗ್ಗದ ನಡುವೆ ಒದ್ದೆ ಗೋಣಿಚೀಲವೋ ದಪ್ಪ ಕಂಬಳಿಯೋ ಹೊದಿಸಿ, ತುಂಡಾದರೆ ಅದು ಹಗ್ಗವನ್ನು ನೆಲಕ್ಕೆ ಕೆಡವುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದ ಒಳಗೆ ಯಾರೂ ನಿಲ್ಲಬಾರದು, ಮೊಬೈಲ್ ಹಿಡಿದವರೂ ಸೇರಿ.

ಹಿಗ್ಗುವ ಹಗ್ಗಕ್ಕೆ ಸ್ವಲ್ಪ ಸಡಿಲ ಬಿಟ್ಟು ಓಡಿ ಎಳೆಯಬಹುದು. ಹಿಗ್ಗದ ಬೆಲ್ಟು, ಕಬ್ಬಿಣದ ಚೈನು, ತಂತಿ ಹಗ್ಗಕ್ಕೆ ಹಾಗೆ ಜರ್ಕ್ ಕೊಡಲೇಬಾರದು. ತೋಟದವರು ಸಹಾಯಕ್ಕೆ ಟ್ರ್ಯಾಕ್ಟರ್ ತಂದರೆ ಸಾಮಾನ್ಯವಾಗಿ ಚೈನೇ ಇರುತ್ತದೆ. "ಅಣ್ಣಾ, ಜರ್ಕ್ ಕೊಡ್ಬೇಡಿ, ಚೈನ್ ಬಿಗಿ ಮಾಡ್ಕೊಂಡು ನಿಧಾನ ಎಳೀರಿ" ಅಂತ ಮೊದಲೇ ಹೇಳಿ. ನಿಧಾನವಾಗಿ ಎಳೆದರೆ ಟ್ರ್ಯಾಕ್ಟರಿನಷ್ಟು ಒಳ್ಳೆಯ ಸಹಾಯ ಇನ್ನೊಂದಿಲ್ಲ.

ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ) ಇದ್ದವರಿಗೆ ಒಂದು ಮಾತು. ಹತ್ತಿರ ಇದೆ ಅಂತ ಸಿಲ್ವರ್ ಓಕ್‌ಗೆ ಕಟ್ಟಬೇಡಿ. ಆ ಮರ ಪೆಡಸು. ಅದರ ಮೈಗೆ ಹಬ್ಬಿರುವ ಮೆಣಸಿನ ಬಳ್ಳಿ ಒಂದು ಎಳೆತಕ್ಕೆ ಹೋಗುತ್ತದೆ, ಅಷ್ಟು ಬಳ್ಳಿ ಮತ್ತೆ ಬೆಳೆಸಲು ವರ್ಷಗಳು ಬೇಕು. ಬಳ್ಳಿ ಇಲ್ಲದ, ಬಲಿತ ಕಾಡುಮರ ಹುಡುಕಿ, ಅಗಲ ಬೆಲ್ಟ್ ಸುತ್ತಿ, ಬುಡಕ್ಕೆ ಹತ್ತಿರ ಕಟ್ಟಿ. ಮಾಲೀಕರನ್ನು ಕೇಳಿಯೇ ಕಟ್ಟಿ.

ಆನೆ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟಗಳಲ್ಲೇ ಕಾಡಾನೆ ಓಡಾಡುತ್ತವೆ. ಆನೆ ಎಲ್ಲಿದೆ ಅಂತ ಊರವರಿಗೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಗೆ ಗೊತ್ತಿರುತ್ತದೆ. ಬೆಳಗ್ಗೆ ಕೇಳಿಕೊಂಡೇ ಹೊರಡಿ. ಹಸಿ ಲದ್ದಿ, ಆಗತಾನೇ ಮುರಿದ ಬೈನೆ ಮರ, ಬಾಳೆ ಕಂಡರೆ ಮುಂದೆ ಹೋಗಬೇಡಿ. ಹಾರ್ನ್ ಹೊಡೆಯಬೇಡಿ, ಇಳಿದು ಫೋಟೋ ತೆಗೆಯಲು ಹೋಗಬೇಡಿ. ಸಂಜೆ ಐದರ ಒಳಗೆ ಟಾರ್ ರಸ್ತೆಗೆ ಬಂದುಬಿಡುವಂತೆ ಲೆಕ್ಕ ಹಾಕಿಕೊಳ್ಳಿ. ಕತ್ತಲಲ್ಲಿ ಹೂತ ಗಾಡಿಯ ಪಕ್ಕ ಸಲಿಕೆ ಹಿಡಿದು ನಿಲ್ಲುವ ಜಾಗ ಅಲ್ಲ ಇದು.

ವಾಪಸ್ ಬರುವಾಗ

ಉಣುಗೋಲು (ಬೇಲಿಯ ದಾರಿಗೆ ಹಾಕುವ ಅಡ್ಡಗೋಲು) ತೆಗೆದಿದ್ದರೆ ಹಾಕಿ, ಗೇಟು ತೆರೆದಿದ್ದರೆ ಮುಚ್ಚಿ. ನಿಮ್ಮ ಚಕ್ರ ತೋಡಿದ ಗುಂಡಿಗೆ ಕಲ್ಲು, ಮಣ್ಣು ತುಂಬಿ ಕಾಲಲ್ಲಿ ತುಳಿದು ಬನ್ನಿ. ಮಾರನೇ ದಿನ ಬೆಳಗ್ಗೆ ಅದೇ ದಾರಿಯಲ್ಲಿ ಹೆಂಗಸರು ತಲೆ ಮೇಲೆ ಹೊರೆ ಇಟ್ಟುಕೊಂಡು ನಡೆಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಚರಂಡಿ ಮುಚ್ಚಿಹೋಗಿದ್ದರೆ ಬಿಡಿಸಿ. ಇಲ್ಲದಿದ್ದರೆ ರಾತ್ರಿಯ ಮಳೆ ರಸ್ತೆ ಮೇಲೇ ಹರಿದು ಕೊಚ್ಚಿಕೊಂಡು ಹೋಗುತ್ತದೆ. ಟ್ರ್ಯಾಕ್ಟರ್ ತಂದವರಿಗೆ ಡೀಸೆಲ್ಲಿನ ದುಡ್ಡು, ಆಳುಗಳ ಅರ್ಧ ದಿನದ ಕೂಲಿ ಕೊಡಿ. ಅವರು ಬೇಡ ಅನ್ನುತ್ತಾರೆ, ಆದರೂ ಕೊಡಿ.

ಟಾರ್ ಸಿಕ್ಕಿದ ಕೂಡಲೇ ಎರಡೇ ಚಕ್ರ ಎಳೆಯುವ ಟು ಹೈಗೆ ಬನ್ನಿ, ಗಾಳಿ ತುಂಬಿ. 20 ಪಿಎಸ್‌ಐ ಇಟ್ಟುಕೊಂಡು ಹೆದ್ದಾರಿಯಲ್ಲಿ ಓಡಿಸಿದರೆ ಟೈರು ಕಾದು ಸಿಡಿಯಬಹುದು. ಟೈರಿನ ಒಳಪಕ್ಕೆಗೂ ಕೈ ಆಡಿಸಿ ಸೀಳು ಇದೆಯಾ ನೋಡಿ. ಹಾಸನ ದಾಟಿ ವೇಗ ಹೆಚ್ಚಿಸಿದಾಗ ಸ್ಟೀರಿಂಗ್ ನಡುಗಿದರೆ ಬಹುಪಾಲು ರಿಮ್ಮಿನ ಒಳಗೆ ಅಂಟಿರುವ ಮಣ್ಣೇ ಕಾರಣ. ಅದನ್ನು ಕೆರೆದು ತೆಗೆದ ಮೇಲೂ ನಡುಗಿದರೆ ಅಲೈನ್‌ಮೆಂಟ್ ತೋರಿಸಿ.

ಮನೆಗೆ ಬಂದು ಕೆಳಗಿನಿಂದ ನೀರು ಹೊಡೆಸಿ ತೊಳೆಸಿ, ರೇಡಿಯೇಟರ್ ಜಾಲರಿಗೆ ಮಾತ್ರ ಜೋರು ನೀರು ಬೇಡ. ಏರ್ ಫಿಲ್ಟರ್ ತೆಗೆದು ನೋಡಿ. ಗ್ರೀಸ್ ನಿಪ್ಪಲ್ ಇರುವ ಪ್ರೊಪೆಲ್ಲರ್ ಶಾಫ್ಟ್ ಆದರೆ ಹೊಸ ಗ್ರೀಸ್ ಹೊಡೆಸಿ. ಆಳದ ಹಳ್ಳ ದಾಟಿದ್ದರೆ ಡಿಫರೆನ್ಷಿಯಲ್ ಆಯಿಲ್ ನೋಡಲೇಬೇಕು. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಸಣ್ಣ ಕೊಳವೆ) ಅಥವಾ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ ಅಂತಲೇ ಅರ್ಥ. ಆಯಿಲ್ ಬದಲಿಸಿದ ಮೇಲೆಯೇ ಗಾಡಿ ರಸ್ತೆಗೆ ಇಳಿಸಿ.